ಸಾವಿನ ಮನೆಯಲ್ಲಿ 'ಬತ್ತೆ' ಎಂದದ್ದು

ಮೊದಲು ಹಳದಿಯಾದದ್ದು ಜಲಜಳ ಕಣ್ಣು.

"ಹ್ವಾಯ್, ನನ್ ಕಣ್ಣ್ ಒಂಚೂರ್ ಕಾಣಿ" ಎಂದಳು. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ನನ್ನ ಹೆಂಡತಿ ನನ್ನನ್ನು ಕರೆದದ್ದು ಹ್ವಾಯ್ ಎಂದೇ. ನನಗೊಂದು ಹೆಸರಿರುವ ಸಂಗತಿ ರೇಷನ್ ಕಾರ್ಡಿಗೆ ಮಾತ್ರ ಗೊತ್ತಿತ್ತು. ಬೆಳಕಿಗೆ ಕರೆತಂದು ನೋಡಿದೆ. ಕಾಮಾಲೆ ಎಂದು ತೀರ್ಪು ಕೊಟ್ಟೆ.

ನಾನು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಟೈಂಕೀಪರ್ ಆಗಿದ್ದವನು. ಸಿದ್ದಾಪುರದ ಬಸ್ಸು ಎರಡು ನಿಮಿಷ ಹೆಚ್ಚು ನಿಂತರೆ ಸೀಟಿ ಊದಿ, ಡ್ರೈವರನ ಕುಲಗೋತ್ರ ವಿಚಾರಿಸಿ, ಬಸ್ಸಿನ ಬೆನ್ನಿಗೆ ಬಡಿದು ಕಳಿಸುವ ಘನ ಹುದ್ದೆ. ತೀರ್ಪು ಕೊಡುವುದು ಅಲ್ಲಿಂದ ಬಂದ ಚಟ.

ಕಾಮಾಲೆಗೆಂದು ನಮ್ಮಲ್ಲಿ ಆಸ್ಪತ್ರೆಗೆ ಯಾರು ಹೋಗುತ್ತಾರೆ? ಘಟ್ಟದ ಬುಡದ ಒಂದು ಮನೆಯಲ್ಲಿ ಸೊಪ್ಪಿನ ರಸ ಕೊಡುತ್ತಿದ್ದರು. ಮಜ್ಜಿಗೆಯಲ್ಲಿ ಕುಡಿಯಬೇಕು. ಉಪ್ಪಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ. ಆ ಊಟವನ್ನು ಎದುರಿಟ್ಟುಕೊಂಡು ಜಲಜ, "ಇದಕ್ಕಿಂತ ಕಾಯ್ಲೆಯೇ ಅಡ್ಡಿಲ್ಲೆ" ಎಂದಳು. "ಪಥ್ಯ ಅಂದ್ರೆ ಪಥ್ಯ. ಮೂರ್ ವಾರ ತಡ್ಕೊ" ಎಂದೆ. ತಡೆದುಕೊಂಡಳು. ತುರಿಕೆ ಹೆಚ್ಚಾಯಿತು. ಕೈಯೆಲ್ಲ ಗೀರು. ಸೀರೆ ಸೊಂಟದಲ್ಲಿ ನಿಲ್ಲಲಿಲ್ಲ.

ಮೂರು ವಾರ ಮುಗಿದ ಮೇಲೆ ಸ್ಕ್ಯಾನ್ ಮಾಡಿಸಿದೆವು.

ಪ್ಯಾಂಕ್ರಿಯಾಸ್‌ನಲ್ಲಿ ಗಡ್ಡೆ. ಲಿವರಿಗೂ ಹೋಗಿತ್ತು.

"ಮೂರು ವಾರ ಮೊದಲೇ ಬಂದಿದ್ದರೆ?" ಎಂದು ಡಾಕ್ಟರನ್ನು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಹೇಳ್ಲಿಕ್ಕೆ ಬರುದಿಲ್ಲ" ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಬೈಗುಳಕ್ಕೆ ಉತ್ತರ ಕೊಟ್ಟು ನನಗೆ ಅಭ್ಯಾಸವಿತ್ತು.

ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದರು. ಹಳದಿ ಇಳಿಯಿತು. ಅವಳೂ ಇಳಿಯುತ್ತ ಬಂದಳು. ನಾಲ್ಕು ತಿಂಗಳು. ಮಾರ್ಫಿನ್ ಮಾತ್ರೆಯ ಹೊತ್ತನ್ನು ಮಾತ್ರ ನಾನು ಒಂದು ನಿಮಿಷವೂ ತಪ್ಪಿಸಲಿಲ್ಲ. "ಈಗ ಟೈಮಿಗ್ ಸಮಾ ಬತ್ರಿ" ಎಂದಳು ಒಮ್ಮೆ. ಅದು ಹೊಗಳಿಕೆಯೋ ಆಪಾದನೆಯೋ ಎಂದು ಕೇಳಲು ಧೈರ್ಯ ಬರಲಿಲ್ಲ. ಈಗ ಕೇಳಲು ಅವಳಿಲ್ಲ.

ಸಾವಿನ ಮನೆಗೆ ಬಂದವರು ಹೊರಡುವಾಗ 'ಬತ್ತೆ' ಎನ್ನಬಾರದು. ಹೋಗಿ ಬರುತ್ತೇನೆ ಎಂದರೆ ಇನ್ನೊಂದು ಸಾವನ್ನು ಕರೆದಂತೆ. ಸುಮ್ಮನೆ ಎದ್ದು ಹೋಗಬೇಕು. ನಮ್ಮ ಮನೆಯಿಂದಲೂ ಎಲ್ಲರೂ ಹಾಗೆಯೇ ಹೋದರು. ನೋಡುತ್ತಿದ್ದಂತೆ ಅಂಗಳದಲ್ಲಿ ಚಪ್ಪಲಿ ಕಮ್ಮಿಯಾಗುತ್ತ ಬಂತು. ಉತ್ತರಕ್ರಿಯೆ ಮುಗಿದ ಮೇಲೂ ನೆಂಟರಿಷ್ಟರು ಸಂಪ್ರದಾಯವನ್ನು ನಿಷ್ಠೆಯಿಂದ ಪಾಲಿಸಿದರು. ಬತ್ತೆ ಎನ್ನಲಿಲ್ಲ, ಬರಲೂ ಇಲ್ಲ.

ಬಂದವರು ಒಬ್ಬರೇ. ಜಲಜಳ ನೋವಿನ ಆರೈಕೆಗೆ ಮನೆಗೆ ಬರುತ್ತಿದ್ದ ಪಾಲಿಯೇಟಿವ್ ನರ್ಸ್ ಶಾಲಿನಿ. ಸಾವಾದ ಮನೆಗಳಿಗೆ ಹೋಗಿ ಕೂರುವವರು ಬೇಕು, ಕೌನ್ಸೆಲಿಂಗ್ ತರಬೇತಿ ಕೊಡುತ್ತೇವೆ ಎಂದರು.

"ಮಾತಾಡ್ಸುದಾ?" ಎಂದೆ.

"ಅಲ್ಲ ಅಣ್ಣ, ಕೇಳುದು."

ಬ್ರಹ್ಮಾವರದಲ್ಲಿ ಹತ್ತು ಶನಿವಾರ. ಕಲಿಸುವವರೂ ಶಾಲಿನಿಯೇ. ಎರಡನೆಯ ವಾರ ಅವರು ಗಂಡ ಸತ್ತವಳಂತೆ ನಟಿಸಿ ನನ್ನೆದುರು ಕೂತು ಅತ್ತರು. ಅರ್ಧ ನಿಮಿಷದೊಳಗೆ ನಾನು, "ಎಲ್ಲ ದೈವೇಚ್ಛೆ, ಮಕ್ಕಳ ಮುಖ ನೋಡಿ ಧೈರ್ಯ ತಂದುಕೊಳ್ಳಿ" ಎಂದು ಅಪ್ಪಣೆ ಕೊಡಿಸಿದೆ. ಅವರು ತಟ್ಟನೆ ಕಣ್ಣೊರೆಸಿಕೊಂಡರು.

"ಅಣ್ಣ, ನೀವು ನನ್ನನ್ನು ಬಸ್ಸು ಹತ್ತಿಸಿ ಕಳಿಸಿಬಿಟ್ರಿ."

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಜಲಜಳನ್ನೂ ಹಾಗೆಯೇ ಕಳಿಸಿದೆನೇ ಎಂಬ ಯೋಚನೆ, ವಾಪಸು ಬರುವ ಬಸ್ಸು ಸಾಸ್ತಾನ ದಾಟುವಾಗ ಬಂತು. ಆಮೇಲೆ ಮನೆ ಮುಟ್ಟುವವರೆಗೂ ಬಿಡಲಿಲ್ಲ.

ನಿಧಾನಕ್ಕೆ ಬಾಯಿ ಮುಚ್ಚಿ ಕೂರುವುದನ್ನು ಕಲಿತೆ. ಒಂದು ನಿಯಮಕ್ಕೆ ಮಾತ್ರ ತಕರಾರು ತೆಗೆದೆ. ಏಳುವಾಗ ಮತ್ತೆ ಬರುವ ದಿನ ಹೇಳಬೇಕಂತೆ. "ಸಾವಿನ ಮನೆಯಲ್ಲಿ ಅದು ಹೇಗೆ ಹೇಳುದು?" ಎಂದೆ. "ಅದನ್ನ ನೀವೇ ಹುಡುಕಿ" ಎಂದರು ಶಾಲಿನಿ.

ಇನ್ನೊಂದು ಭಯವನ್ನು ಅವರಿಗೆ ಹೇಳಲಿಲ್ಲ. ನಾನು ಡಾಕ್ಟರಿಗೆ ಕೇಳಿದ ಪ್ರಶ್ನೆಯನ್ನು ಯಾರಾದರೂ ನನಗೇ ಕೇಳಿದರೆ? ಆ ದಿನವೇ ಈ ಕೆಲಸ ಬಿಟ್ಟುಬಿಡುವುದೆಂದು ತೀರ್ಮಾನಿಸಿದ್ದೆ.

ಮೊದಲನೆಯ ಮನೆಯಲ್ಲೇ ಕೇಳಿದರು.

ಬೈಂದೂರಿನ ಕಡೆ, ಕಡಲ ಬದಿಯ ಮನೆ. ಮೀನು ಮಾರುವ ಗುಲಾಬಿ. ದೋಣಿಗೆ ಹೋಗುತ್ತಿದ್ದ ಗಂಡ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡು ತಿಂಗಳಾಗಿತ್ತು. ಶಾಲಿನಿ ಅಂಗಳದಲ್ಲಿ ಗುಲಾಬಿಯ ಅತ್ತೆಯ ಬಿ.ಪಿ. ನೋಡುತ್ತಿದ್ದರು. ಒಳಗೆ ನಾವಿಬ್ಬರೇ.

"ಎದಿ ನೋವ್ ಅಂದ್ರ್. ನಾನ್ ಗ್ಯಾಸ್ ಅಂದೇಳಿ ಓಮದ್ ನೀರ್ ಕೊಟ್ಟೆ. ಆಗ್ಳೇ ಆಸ್ಪತ್ರೆಗ್ ಕರ್ಕಂಡ್ ಹೋಗಿರೆ ಬದ್ಕ್ತಿದ್ರಾ, ಅಣ್ಣಯ್ಯ?"

ನಾಲಿಗೆಯ ಮೇಲೆ ವಿಧಿ, ಆಯುಷ್ಯ, ದೇವರು, ಮಕ್ಕಳು ಎಂಬ ನಾಲ್ಕು ಬಸ್ಸುಗಳು ಸಾಲಾಗಿ ಹೊರಟು ನಿಂತಿದ್ದವು. ಸೀಟಿ ಊದಲಿಲ್ಲ.

"ಗೊತ್ತಿಲ್ಲೆ, ಗುಲಾಬಕ್ಕ."

ಅಷ್ಟೇ ಹೇಳಿದೆ. ಏಳಬೇಕೆನಿಸಿತು. ಕೂತೆ. ಅವಳು ಅತ್ತಳು. ನಾನು ಗೋಡೆಯ ಕ್ಯಾಲೆಂಡರನ್ನು ದಿಟ್ಟಿಸಿದೆ. ಯಾವ ತಿಂಗಳೆಂದು ಓದಲು ಕಣ್ಣು ಬಿಡಲಿಲ್ಲ. ಬಹಳ ಹೊತ್ತಾದ ಮೇಲೆ ಅವಳೇ ಮಾತಾಡಿದಳು. ಆ ನೀರು ಕುಡಿದು ಗಂಡ ಮುಖ ಹಿಂಡಿ, "ಎಂತ ಖಾರ ಮಾರಾಯ್ತಿ" ಎಂದರಂತೆ. ಅದೇ ಕೊನೆಯ ಮಾತು. ಹೇಳಿ, ಅಳುವಿನ ನಡುವೆಯೇ ಒಮ್ಮೆ ನಕ್ಕಳು. ತಿಂಗಳಿಂದ ಬಂದು ಹೋದವರೆಲ್ಲ ಓಮದ ನೀರಿನ ಮಾತು ಬರುತ್ತಲೇ "ಬಿಡು, ಅದೆಲ್ಲ ನೆನೆಯಬೇಡ" ಎಂದು ತಡೆದಿದ್ದರಂತೆ.

ಎದ್ದೆ. ನಮಸ್ಕಾರ ಮಾಡಿ ಸುಮ್ಮನೆ ಇಳಿಯಬೇಕು. ಮತ್ತೆ ಬರುವ ದಿನವನ್ನು ಶಾಲಿನಿ ಹೇಗಾದರೂ ಹೇಳಲಿ.

"ಬತ್ತೆ" ಎಂದುಬಿಟ್ಟೆ.

ಅಂಗಳದಿಂದ ಅತ್ತೆಯ ದನಿ ಸಿಡಿಯಿತು. "ಹ್ವಾಯ್! ಸಾವಿನ್ ಮನಿಯಂಗೆ ಬತ್ತೆ ಅಂಬ್ರಾ? ತಲಿ ಹಣ್ಣಾಯ್ತ್, ಅಷ್ಟೂ ಗೊತ್ತಿಲ್ಯಾ ನಿಮ್ಗೆ?" ಬಿ.ಪಿ. ಎಷ್ಟಿತ್ತೋ, ಆ ಕ್ಷಣ ಇನ್ನಷ್ಟು ಏರಿರಬೇಕು. ಎದುರಿಗೇ ಇದ್ದ ಚಪ್ಪಲಿಯನ್ನು ಬಹಳ ಹೊತ್ತು ಹುಡುಕಿದೆ. ನನ್ನ ಕೌನ್ಸೆಲರ್ ಪಟ್ಟಾಭಿಷೇಕ ಇಲ್ಲಿಗೆ ಸಮಾಪ್ತಿ ಎಂದುಕೊಂಡೆ.

ಗುಲಾಬಿ ಬಾಗಿಲಿಗೆ ಬಂದಳು.

"ಯಾವತ್ತ್ ಬತ್ರಿ?"

"ಶುಕ್ರವಾರ. ಮೂರೂಕಾಲರ ಬಸ್ಸಿಗೆ."

"ತಡ ಮಾಡ್ಬೇಡಿ" ಎಂದಳು.

ಶುಕ್ರವಾರ ಬಸ್ಸು ಎರಡು ನಿಮಿಷ ಮೊದಲೇ ಮುಟ್ಟಿತು. ಆ ಎರಡು ನಿಮಿಷವನ್ನು ಹಳೆಯ ಮೂರು ವಾರದಿಂದ ಕಳೆಯಲಾಗದು. ಅಷ್ಟು ಲೆಕ್ಕ ನನಗೆ ಬರುತ್ತದೆ. ಮರಳಿನ ದಾರಿಯಲ್ಲಿ ನಡೆದೆ. ಅತ್ತೆ ಅಂಗಳದಲ್ಲೇ ನಿಂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮುಖ ತಿರುಗಿಸಿ, ಒಳಗೆ ಕೂಗಿ ಹೇಳಿದರು.

"ಗುಲಾಬಿ, ಅವ್ರ್ ಬಂದ್ರ್ ಕಾಣ್."