ಎಂಟು ದಿನದ ಗೆರೆಗಳು

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಶಹಾಬಾದಿನಿಂದ ಕಲಬುರಗಿಗೆ ಮೂರು ವರ್ಷ ಪ್ಯಾಸೆಂಜರ್ ರೈಲಿನಲ್ಲಿ ನಿಂತುಕೊಂಡೇ ಓಡಾಡಿ ತತ್ವಶಾಸ್ತ್ರ ಓದಿದೆ. ಮನುಷ್ಯನೊಳಗೆ ಬದಲಾಗದ ತಿರುಳೊಂದು ಇದೆ ಎನ್ನುವವರ ವಾದ, ಅಂಥದ್ದೇನೂ ಇಲ್ಲ, ಗಳಿಗೆ ಗಳಿಗೆಗೂ ಬದಲಾಗುವುದಷ್ಟೇ ಇದೆ ಎನ್ನುವ ಬೌದ್ಧರ ವಾದ, ಎರಡನ್ನೂ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದೆ. ಯಾವುದು ಸರಿ ಎಂದು ಯಾರೂ ಕೇಳಲಿಲ್ಲ.

ಕೇಳಿದ್ದು ರೇಷನ್ ಅಂಗಡಿಯ ಮಷೀನು. ಕಾರ್ಡಿನಲ್ಲಿರುವ ಪ್ರತಿಯೊಬ್ಬರೂ ತಿಂಗಳ ಕೊನೆಯೊಳಗೆ ಬಂದು ಥಂಬ್ ಕೊಡಬೇಕು, ಕೊಡದವರ ಹೆಸರು ತೆಗೆಯುತ್ತಾರೆ ಎಂದರು. ಅವ್ವ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವಲ್ಲಿ ಮೂವತ್ತು ವರ್ಷದಿಂದ ಒದ್ದೆ ಕಲ್ಲಿನ ಅಂಚು ಉಜ್ಜುವವಳು. ನಾಲ್ಕು ಸಲ ಬೆರಳಿಟ್ಟಳು. ನಾಲ್ಕು ಸಲವೂ ಮಷೀನು ಒಲ್ಲೆ ಅಂದಿತು.

"ಅಕ್ಕಾ, ನೀ ನೀನೇ ಹೌದಿಲ್ಲೋ ಮೊದಲ ನೋಡ್ಕೋ," ಅಂದ ಅಂಗಡಿಯವನು.

"ಮುಂಜಾನಿ ಕನ್ನಡ್ಯಾಗ ನೋಡ್ಕೊಂಡೇ ಬಂದೀನಿ. ನಾನೇ ಇದ್ದೆ."

ಸರತಿಯಲ್ಲಿದ್ದವರೆಲ್ಲ ನಕ್ಕರು. ಅವ್ವನನ್ನು ಅರಿಯದವರು ಅಲ್ಲಿ ಒಬ್ಬರೂ ಇರಲಿಲ್ಲ.

ಮಷೀನು ಒಪ್ಪಬೇಕಾದರೆ ಆಧಾರ್‌ಗೆ ಹೊಸದಾಗಿ ಬೆರಳಚ್ಚು ಕೊಡಿಸಬೇಕಿತ್ತು. ಎಂಟು ದಿನ ಕಲ್ಲು ಮುಟ್ಟಬೇಡ, ಸವೆದ ಚರ್ಮ ಬೆಳೆದು ಗೆರೆಗಳು ಬರುತ್ತವೆ ಎಂದು ಅವ್ವನನ್ನು ಮನೆಯಲ್ಲಿ ಕೂಡಿಸಿದೆ. ಜ್ವರ ಬಂದಾಗಲೂ ಅಷ್ಟು ದಿನ ಕೂತವಳಲ್ಲ. ಏಳನೆಯ ದಿನ ಅವಳ ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸಣ್ಣ ಸಣ್ಣ ಗೆರೆಗಳು ಕಂಡವು.

"ಇಷ್ಟ ದಿನ ಎಲ್ಲಿದ್ವೋ ಇವು?"

"ಒಳಗೇ ಇದ್ವು ಅವ್ವಾ," ಅಂದೆ, ಓದಿದವನ ಗತ್ತಿನಲ್ಲಿ.

ಒಂಬತ್ತನೆಯ ದಿನ ವಾಡಿ ಮೇಲಿಂದ ಚಿತ್ತಾಪುರದ ಆಧಾರ್ ಕೇಂದ್ರಕ್ಕೆ ಹೋದೆವು. ಅವ್ವ ಇಸ್ತ್ರಿ ಸೀರೆ ಉಟ್ಟಿದ್ದಳು. ಬೆರಳಿಟ್ಟರೆ ಪರದೆಯ ಮೇಲೆ ಏನೂ ಮೂಡಲಿಲ್ಲ. ಕೈ ಹಿಡಿದು ನೋಡಿದೆ. ಪಾಲಿಶ್ ಆದ ಫರ್ಸಿಯ ಹಾಗೆ ನುಣ್ಣಗಿತ್ತು.

"ಏನ್ ಮಾಡ್ದಿ ಅವ್ವಾ?"

"ಏನಿಲ್ಲ. ಮುಂಜಾನಿ ಕಲ್ಲಿಲೆ ತಿಕ್ಕೊಂಡೆ. ಮಗ ಡಿಗ್ರಿ ಮಾಡ್ಯಾನ, ತಾಯಿ ಕೈ ನೋಡಿ ಆಫೀಸಿನ್ಯಾಗ ಏನಂದಾರು?"

ಕಲ್ಲಿನ ಕೆಲಸದವರೆಲ್ಲ ಹಾಗೇ. ಮದುವೆಗೋ ಆಫೀಸಿಗೋ ಹೋಗುವ ಮುಂಚೆ, ಎಷ್ಟು ತೊಳೆದರೂ ಹೋಗದೆ ಕೈಯ ಸೀಳುಗಳಲ್ಲಿ ಕೂತ ಬಿಳಿ ರಾಡಿಯನ್ನು ನಯವಾದ ಪಾಲಿಶ್ ಕಲ್ಲಿನಿಂದಲೇ ತಿಕ್ಕಿ ತೆಗೆಯುತ್ತಾರೆ. ಅದನ್ನು ನೋಡುತ್ತಲೇ ಬೆಳೆದ ನಾನು, ಬೇಡ ಎಂದು ಹೇಳುವುದನ್ನು ಮರೆತಿದ್ದೆ.

"ಕಣ್ಣಿಂದರ ತಗೋರಿ," ಅಂದೆ ಕಂಪ್ಯೂಟರಿನ ಮುಂದೆ ಕೂತವನಿಗೆ.

"ಪೊರಿ ಬಂದದ್ರಿ ಸರ. ಕ್ಯಾಮೆರಾ ಹಿಡೀವಲ್ದು."

"ಇಕಿ ನಮ್ಮವ್ವ ಅಂತ ನಾ ಬರದು ಸಹಿ ಮಾಡ್ತೀನ್ರಿ."

"ನೀವು ಬರದ್ರ ನಡಿಯಂಗಿಲ್ರಿ. ಅವ್ರ ಬೆರಳೇ ಹೇಳಬೇಕ್ರಿ." ಆತ ಮರ್ಯಾದೆಯಿಂದಲೇ ಹೇಳಿದ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಗಡುವಿಗೆ ಉಳಿದದ್ದು ನಾಲ್ಕೇ ದಿನ. ಚರ್ಮ ಬೆಳೆಯಲು ಎಂಟು ಬೇಕು. ಬಸ್ಸಿನಲ್ಲಿ ನನ್ನ ತಲೆಯಲ್ಲಿ ಒಂದೇ ಮಾತು. ಆ ಗೆರೆಗಳೇ ಅವ್ವ ಎಂದಾದರೆ, ಮನೆಯಲ್ಲಿ ಸುಮ್ಮನೆ ಕೂತ ಎಂಟು ದಿನ ಮಾತ್ರ ಅವಳು ಅವ್ವ. ನನ್ನನ್ನು ಓದಿಸಿದ ಆ ಮೂವತ್ತು ವರ್ಷ ಯಾರಿದ್ದಳು? ತಿರುಳೆಂಬುದೇ ಇಲ್ಲ ಎಂದುಕೊಂಡರೂ ಸಮಾಧಾನವಾಗಲಿಲ್ಲ. ಪಕ್ಕದಲ್ಲಿ ಅವ್ವ ಅಂಗೈ ಮುಚ್ಚಿಕೊಂಡು ಕೂತಿದ್ದಳು.

ಮರುದಿನ ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು.

"ಕುಂತ್ರ ಗೆರಿ ಬರ್ತಾವ, ಕೆಲಸ ಹೋಗ್ತದ. ಹೋದ್ರ ಕೆಲಸ ಇರ್ತದ, ಗೆರಿ ಇರಂಗಿಲ್ಲ. ಏನ್ ಮಾಡ್ಲಿ, ನೀನೇ ಹೇಳು. ಓದೀದಿ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿ ಹೋದಳು.

ಮುಂದಿನ ತಿಂಗಳು ಕಾರ್ಡಿನಲ್ಲಿ ಅವಳ ಹೆಸರಿರಲಿಲ್ಲ. ನನ್ನದಿತ್ತು.