ಕೊಪ್ಪರಿಗೆಯ ಜನ

ಟೆಕ್ಸಾಸಿನಲ್ಲೂ ಒಂದು ಪ್ಯಾರಿಸ್ ಇದೆ. ನಾವಿರುವ ರಿಚರ್ಡ್‌ಸನ್ ಊರಿನಿಂದ ಮನೆಮಂದಿಯೆಲ್ಲ ಅಲ್ಲಿಗೆ ಹೊರಟ ದಿನ ನಮ್ಮತ್ತೆ ದೊಡ್ಡ ಪಾತ್ರೆಯ ತುಂಬ ಬಿಸಿಬೇಳೆಬಾತ್ ಮಾಡಿ, ಕಾರಿನ ಸೀಟಿನಲ್ಲಿಟ್ಟು, ಬೆಲ್ಟ್ ಬಿಗಿದಿದ್ದರು. ಪ್ಯಾರಿಸ್ಸಿಗೂ ಬುತ್ತಿಯೇ! ನಾನು ದಾರಿಯುದ್ದಕ್ಕೂ ಸಿಡಿಮಿಡಿಗೊಂಡಿದ್ದೆ.

ಕೆಂಪು ಕೌಬಾಯ್ ಟೋಪಿ ತೊಟ್ಟ ಅಲ್ಲಿನ ಪುಟ್ಟ ಐಫೆಲ್ ಗೋಪುರದ ಕೆಳಗೆ ನಿಂತು ಫೋನಿನಲ್ಲಿ ಊರಿನ ಹೆಸರಿನ ಬಗ್ಗೆ ಓದಿದವಳು ಕುಣಿದುಬಿಟ್ಟೆ. ಫ್ರಾನ್ಸಿನ ಪ್ಯಾರಿಸ್ಸಿಗೆ ಆ ಹೆಸರು ಬಂದದ್ದು ಗಾಲ್ ನಾಡಿನ ಒಂದು ಪುರಾತನ ಬುಡಕಟ್ಟಿನಿಂದ. ಲ್ಯಾಟಿನ್ನಿನಲ್ಲಿ ಅವರು ‘ಪರೀಸಿಯಿ’. ಮೂಲ ಖಚಿತವಿಲ್ಲ, ಆದರೆ ‘ಕೊಪ್ಪರಿಗೆಯ ಜನ’ ಎಂಬ ಅರ್ಥವಿರಬಹುದೆಂದು ಕೆಲವು ವಿದ್ವಾಂಸರ ಊಹೆ!

“ಅತ್ತೆ, ಇವರು ಕೊಪ್ಪರಿಗೆಯೋರಂತೆ!” ಎಂದು ಕೂಗಿದೆ.

“ಹಾಗಾದ್ರೆ ನಮ್ಮೋರೇ ಕಣೇ,” ಎಂದು ಅತ್ತೆ ಪಾತ್ರೆಯ ಮುಚ್ಚಳ ತೆಗೆದರು.

ಎಲ್ಲರಿಗಿಂತ ಮೊದಲು ತಟ್ಟೆ ಒಡ್ಡಿದವಳು ನಾನೇ.