ಕ್ಯಾಲೆಂಡರಿನ ಉಡಿ

ಸಂಸ್ಥೆಯಿಂದ ಪ್ರತಿ ವರ್ಷ ಬರುವ ಕ್ಯಾಲೆಂಡರ್ ಈ ಸಲ ಸಂಕ್ರಾಂತಿ ಕಳೆದ ಮೇಲೆ ಬಂತು. ನಿವೃತ್ತರಾದವರ ಜೊತೆ ಅವರು ಉಳಿಸಿಕೊಂಡಿರುವ ಸಂಬಂಧ ಅದೊಂದೇ. ಸುರುಳಿ ಬಿಚ್ಚಿದಾಗ ಹೊಸ ಶಾಯಿಯ ವಾಸನೆ ಬಂತು. ಒಂದೊಂದೇ ಹಾಳೆ ತಿರುವುತ್ತ ಫೆಬ್ರವರಿಗೆ ಬಂದವನು ಅಲ್ಲೇ ನಿಂತೆ. ಎಷ್ಟೋ ವರ್ಷದ ಹಿಂದಿನ ಫೋಟೋ. ಒಬ್ಬ ಹೆಂಗಸು ಸೆರಗನ್ನು ಉಡಿ ಮಾಡಿ, ಅದರ ತುಂಬ ಬಿಳಿಜೋಳದ ತೆನೆ ಹಿಡಿದು ನಿಂತಿದ್ದಾಳೆ. ಮುಖವಿಲ್ಲ, ಕುತ್ತಿಗೆಯಿಂದ ಮೇಲಕ್ಕೆ ಕತ್ತರಿಸಿದ್ದಾರೆ. ಆದರೆ ಎಡಗೈ ಮೇಲಿನ ಹಚ್ಚೆ, ಕುಡಗೋಲು ತಾಗಿ ಸೀಳಿದ ಹೆಬ್ಬೆರಳ ಉಗುರು, ಎರಡೂ ಸ್ಪಷ್ಟವಾಗಿವೆ. ಕೆಳಗೆ ಇಂಗ್ಲಿಷಿನಲ್ಲಿ, ಹಸಿವಿಲ್ಲದ ನಾಳೆಗಾಗಿ ಎಂಬ ಅರ್ಥದ ಒಂದು ಸಾಲು.

ಆಕೆಯನ್ನು ನಾನು ದೊಡ್ಡವ್ವ ಎಂದು ಕರೆಯುತ್ತಿದ್ದೆ.

ಹೈದರಾಬಾದಿನ ಹೊರಗೆ, ಆಗ ಇನ್ನೂ ಬಂಡೆಗಳು ಹಾಗೇ ಉಳಿದಿದ್ದ ಕಡೆ, ನಮ್ಮ ಬೆಳೆ ಸಂಶೋಧನಾ ಸಂಸ್ಥೆಯ ಹೊಲಗಳಿದ್ದವು. ಬಡ ದೇಶಗಳ ಜನರಿಗೆ ಹೊಟ್ಟೆ ತುಂಬ ಅನ್ನ ಸಿಗಲಿ ಎಂದು ಕಟ್ಟಿದ ಸಂಸ್ಥೆ ಅದು. ಹಾಗಂತ ಗೇಟಿನ ಪಕ್ಕದ ಗೋಡೆಯ ಮೇಲೇ ಬರೆದಿತ್ತು. ನಾನು ಜೋಳದ ವಿಭಾಗದಲ್ಲಿ ಗುತ್ತಿಗೆಯ ಫೀಲ್ಡ್ ಅಸಿಸ್ಟೆಂಟ್. ದೊಡ್ಡವ್ವ ಲಿಂಗಸುಗೂರು ಕಡೆಯಿಂದ ದುಡಿಯಲು ಬಂದ ದಿನಗೂಲಿಯವಳು. ನಮ್ಮೂರು ಕೃಷ್ಣೆಯ ಈಚೆ ದಂಡೆ, ಅವಳೂರು ಆಚೆ ದಂಡೆ. ಎಲ್ಲರೂ ತೆಲುಗು, ಹಿಂದಿ ಆಡುವ ಆ ಜಾಗದಲ್ಲಿ ನಮ್ಮಿಬ್ಬರಿಗೆ ಅಷ್ಟೇ ಸಾಕಾಗಿತ್ತು. ಮೊದಲನೆಯ ದಿನವೇ ನನ್ನನ್ನು ತಮ್ಮಾ ಎಂದಳು, ಬುತ್ತಿಯಲ್ಲಿದ್ದ ಶೇಂಗಾ ಹಿಂಡಿಯಲ್ಲಿ ನನಗೂ ಒಂದು ಪಾಲು ಇಟ್ಟಳು.

ಎರಡು ಜೋಳದ ತಳಿ ಕೂಡಿಸುವ ಕೆಲಸ ಭಾಳ ಸೂಕ್ಷ್ಮದ್ದು. ತೆನೆ ಅರಳುವ ಮೊದಲು ಒಂದೊಂದು ಸಣ್ಣ ಹೂವಿನಿಂದಲೂ ಚಿಮಟಿಗೆಯಲ್ಲಿ ಗಂಡು ಕೇಸರ ಕಿತ್ತು, ಕಾಗದದ ಚೀಲ ತೊಡಿಸಿ, ಚೀಟಿ ಕಟ್ಟಬೇಕು. ಪದವಿ ಪಡೆದ ಹುಡುಗರು ಹತ್ತು ಹೂವು ಮುಗಿಸುವಷ್ಟರಲ್ಲಿ ದೊಡ್ಡವ್ವ ಅರ್ಧ ತೆನೆ ಮುಗಿಸಿರುತ್ತಿದ್ದಳು. ವಿಜ್ಞಾನಿಗಳು ಅವಳನ್ನು ಹೊಗಳುತ್ತಿದ್ದರು, ಒಳ್ಳೆಯ ಯಂತ್ರವನ್ನು ಹೊಗಳಿದಂತೆ.

ಅವಳ ನಿಜವಾದ ವಿದ್ಯೆ ಮಾತ್ರ ಬೇರೆಯದು. ಹೊಸ ತಳಿಗಳ ಹಿಟ್ಟಿನಿಂದ ರೊಟ್ಟಿ ಮಾಡಿಸಿ ರುಚಿ ನೋಡುವ ಒಂದು ಪದ್ಧತಿ ನಮ್ಮಲ್ಲಿತ್ತು. ನಂಬರು ಹಚ್ಚಿದ ಡಬ್ಬಿಗಳು, ಒಂದು ಒಲೆ, ದೊಡ್ಡವ್ವ. ಅವಳು ಸುಡುನೀರು ಹಾಕಿ ಹಿಟ್ಟು ನಾದುವಾಗಲೇ ಹೇಳಿಬಿಡುತ್ತಿದ್ದಳು, ಇದಕ್ಕೆ ಜಿಗಿ ಇಲ್ಲ, ಇದು ಅಂಚಿಗೆ ಹರಿಯುತ್ತದೆ ಎಂದು. ಹಾಗೇ ಹರಿಯುತ್ತಿತ್ತು. ನನ್ನ ಕೈಯಲ್ಲಿದ್ದ ಫಾರ್ಮಿನಲ್ಲಿ ಬಣ್ಣ, ವಾಸನೆ, ರುಚಿ ಎಲ್ಲಕ್ಕೂ ಜಾಗವಿತ್ತು, ಜಿಗಿಗೆ, ಹಿಟ್ಟಿನ ಆ ಅಂಟಿಗೆ, ಇರಲಿಲ್ಲ. ಒಮ್ಮೆ ನಮ್ಮ ದೊಡ್ಡ ವಿಜ್ಞಾನಿಗೆ ಅದನ್ನು ಹೇಳಿದೆ. ಅದನ್ನು ಅಳೆಯುವುದು ಯಾವ ಮಾಪನದಲ್ಲಿ ಎಂದು ನಕ್ಕರು. ನಾನೂ ನಕ್ಕೆ. ಆ ನಗೆ ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ವರ್ಷ ಹೊಲದ ಮೂಲೆಯ ಒಂದು ಸಾಲಿನ ಜೋಳ ಅವಳ ಕಣ್ಣಿಗೆ ಬಿತ್ತು. ಅದರ ಹಿಟ್ಟು ನಾದಿ ನೋಡಿದವಳು ಇನ್ನೊಮ್ಮೆ ನಾದಿ ನೋಡಿದಳು. ಅವಳ ತವರಿನಲ್ಲಿ ತಾಯಿ ಬೆಳೆಯುತ್ತಿದ್ದ ಜೋಳಕ್ಕೆ ಇಂಥದೇ ಜಿಗಿ ಇತ್ತಂತೆ. ಹತ್ತಿ ಬಂದ ಮೇಲೆ ಊರಲ್ಲಿ ಆ ಬೀಜವೇ ಹೋಯಿತಂತೆ... ಅದರ ರೊಟ್ಟಿ ಎರಡು ದಿನ ಇಟ್ಟರೂ ಮೆತ್ತಗಿರುತ್ತಿತ್ತಂತೆ. ಆ ಸಾಲು ಇಳುವರಿಯಲ್ಲಿ ಹಿಂದೆ ಬಿದ್ದಿತ್ತು, ಕಿತ್ತು ದನಕ್ಕೆ ಹಾಕಿ ಎಂದು ಆಗಲೇ ಆದೇಶವಾಗಿತ್ತು. ಒಂದಿಷ್ಟು ಬೀಜ ಉಳಿಸಲು ದೊಡ್ಡವರಿಗೆ ಹೇಳು ತಮ್ಮಾ ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಹೇಳುತ್ತೇನೆ ಎಂದೆ. ಹೇಳಲಿಲ್ಲ. ಆ ತಿಂಗಳು ನನ್ನ ಗುತ್ತಿಗೆ ಮುಂದುವರಿಯಬೇಕಿತ್ತು, ಜಿಗಿಯ ಮಾತೆತ್ತಿ ಇನ್ನೊಮ್ಮೆ ನಗೆಪಾಟಲಾಗುವ ಮನಸ್ಸಿರಲಿಲ್ಲ.

ಕೊಯ್ಲಿನ ಕೊನೆಯ ದಿನ ಬೆಳಿಗ್ಗೆ ಯಾರೋ ಫೋಟೋಗ್ರಾಫರ್ ಬಂದ. ಹೆಂಗಸರನ್ನೆಲ್ಲ ನೋಡಿ ದೊಡ್ಡವ್ವನನ್ನೇ ಆರಿಸಿಕೊಂಡ. ಸೆರಗು ಹೀಗೆ ಹಿಡಿ, ತೆನೆ ತುಂಬು ಎಂದು ತೋರಿಸಿಕೊಟ್ಟ. ಉಡಿ ಹಿಡಿಯುವುದನ್ನು ನನಗೇ ಕಲಿಸುತ್ತಾನಲ್ಲ ಎಂದು ಅವಳು ನಗಾಡಿದಳು. ಫೋಟೋ ಮುಗಿದ ಮೇಲೆ ತೆನೆಗಳನ್ನು ಮತ್ತೆ ರಾಶಿಗೆ ಹಾಕಿದಳು.

ಸಂಜೆ ಗೇಟಿನಲ್ಲಿ ಅವಳನ್ನು ಹಿಡಿದರು. ಉಡಿಯಲ್ಲಿ ಎರಡು ತೆನೆ ಇದ್ದವು, ಆ ಮೂಲೆಯ ಸಾಲಿನವು. ಮುಚ್ಚಿಕೊಂಡಿರಲಿಲ್ಲ, ಎಲ್ಲರೂ ನೋಡುವಂತೆ ಮುಂದೆ ಹಿಡಿದುಕೊಂಡೇ ನಡೆದು ಬಂದಿದ್ದಳು. ಒಂದು ಕಾಳೂ ಹೊರಗೆ ಹೋಗಬಾರದೆಂಬುದು ಸಂಸ್ಥೆಯ ನಿಯಮ. ನಮ್ಮ ಕಡೆಯ ನಿಯಮ ಬೇರೆ: ಸುಗ್ಗಿ ಮುಗಿದ ದಿನ ಹೊಲದಲ್ಲಿ ದುಡಿದ ಹೆಣ್ಣುಮಗಳು ಬರಿ ಉಡಿಯಲ್ಲಿ ಮನೆಗೆ ಹೋಗಬಾರದು, ಹೊಲಕ್ಕೇ ಒಳ್ಳೆಯದಲ್ಲ. ನಮ್ಮವ್ವ ತಾನೇ ನಿಂತು ಕೂಲಿಯವರ ಉಡಿಗೆ ತೆನೆ ಹಾಕುತ್ತಿದ್ದಳು. ಅದು ನನಗೆ ಗೊತ್ತಿತ್ತು.

ಭದ್ರತಾ ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ, ನನ್ನನ್ನು ಕರೆಸಿದರು. ಮೇಜಿನ ಮೇಲೆ ಎರಡು ತೆನೆ, ಎದುರಿಗೆ ದೊಡ್ಡವ್ವ. ಹೇಗೆ ತಂದಳು ಕೇಳು ಎಂದರು. ಕೇಳಿದೆ.

"ಉಡಿಯಾಗ ತಂದೀನಿ ತಮ್ಮಾ. ಉಡಿಯಾಗ ತಂದದ್ದು ಕಳವು ಹೆಂಗ ಆಗತೈತಿ? ನೀನಽ ಹೇಳು ಇವರಿಗೆ."

ನಾನು ಹೇಳಿದೆ. ಹಿಂದಿಯಲ್ಲಿ ಐದೇ ಶಬ್ದ: "ಸಾಡಿ ಕೆ ಅಂದರ್ ರಖ್ಖೀ ಥೀ."

ಸೀರೆಯೊಳಗೆ ಇಟ್ಟುಕೊಂಡಿದ್ದಳು. ಅಧಿಕಾರಿ ಇಂಗ್ಲಿಷಿನಲ್ಲಿ, ಬಟ್ಟೆಯಲ್ಲಿ ಬಚ್ಚಿಟ್ಟು ಸಾಗಿಸಿದಳು ಎಂದು ಬರೆದರು. ಉಡಿಗೆ ಹಿಂದಿಯಲ್ಲಿ ಆ ಕ್ಷಣ ನನಗೆ ಬೇರೆ ಶಬ್ದ ಹೊಳೆಯಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಶಬ್ದ ಇಲ್ಲದಿದ್ದರೆ ನಾಲ್ಕು ಮಾತಿನಲ್ಲಿ ಬಿಡಿಸಿ ಹೇಳಬಹುದಿತ್ತು. ಇವನೂ ಅವಳ ಕಡೆಯವನು, ಇವನ ಕೈವಾಡವೂ ಇರಬಹುದು ಎಂದುಕೊಂಡಾರು ಎಂದು ಹೆದರಿದೆ, ಅಷ್ಟೇ. ಕಾಗದ ಅವಳ ಮುಂದೆ ಬಂದಾಗ, ಏನಿಲ್ಲ ದೊಡ್ಡವ್ವ, ಸಹಿ ಮಾಡು, ಮುಗಿದುಹೋಗುತ್ತದೆ ಎಂದವನೂ ನಾನೇ. ಅವಳು ನನ್ನನ್ನು ನಂಬಿ ಕನ್ನಡದಲ್ಲಿ ಹೆಸರು ಬರೆದಳು, ಒಂದೊಂದೇ ಅಕ್ಷರ ಕೂಡಿಸಿ.

ಮರುದಿನ ಅವಳ ಹೆಸರು ಹಾಜರಿಯಲ್ಲಿರಲಿಲ್ಲ. ಕಳವು ಮಾಡಿದವಳೆಂದು ಗೇಟಿನವರು ಎಲ್ಲರೆದುರು ಅಂದರಂತೆ. ಅವಳ ಜೊತೆ ದುಡಿಯುತ್ತಿದ್ದ ಒಬ್ಬ ತೆಲುಗು ಹೆಂಗಸು ಆ ಕಾಗದದಲ್ಲಿ ಏನಿತ್ತೆಂದು ಗೇಟಿನವರಿಂದ ಕೇಳಿಕೊಂಡು ಅವಳಿಗೆ ತಿಳಿಸಿದ್ದಳು. ನಾನು ಊಟಕ್ಕೆ ಹೊರಗೆ ಬಂದಾಗ ಬೇವಿನ ಮರದ ಕೆಳಗೆ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ನನ್ನ ಮುಖ ನೋಡಿ ಒಂದೇ ಮಾತು ಕೇಳಿದಳು.

"ಸರ, ನಿಮ್ಮ ಮನ್ಯಾಗ ಉಡಿ ತುಂಬಂಗಿಲ್ಲೇನ್ರಿ?"

ತಮ್ಮಾ ಹೋಗಿ ಸರ ಆಗಿತ್ತು, ನೀನು ಹೋಗಿ ರೀ ಬಂದಿತ್ತು. ಉತ್ತರಕ್ಕೆ ಕಾಯದೆ ಹೊರಟುಹೋದಳು. ಆ ಎರಡು ತೆನೆ ಒಂದು ವಾರ ಅಧಿಕಾರಿಯ ಕಿಟಕಿಯಲ್ಲಿದ್ದವು, ಆಮೇಲೆ ಅವೂ ದನದ ಕೊಟ್ಟಿಗೆಗೆ ಹೋದವು. ನನ್ನ ಗುತ್ತಿಗೆ ಮುಂದುವರಿಯಿತು, ಕೆಲಸವೂ ಕಾಯಂ ಆಯಿತು.

ಹೆಚ್ಚು ಇಳುವರಿಯದು ಎಂದು ನಾವು ಬಿಡುಗಡೆ ಮಾಡಿದ ತಳಿಯನ್ನು ರೈತರ ಮನೆಯ ಹೆಂಗಸರು ಎರಡನೆಯ ವರ್ಷ ಒಲ್ಲೆ ಎಂದರು. ರೊಟ್ಟಿ ಹರಿಯುತ್ತಿತ್ತು. ಬೆಳೆದದ್ದೆಲ್ಲ ಕೋಳಿಗಳ ಹೊಟ್ಟೆ ಸೇರಿತು. ಆಗ ಹೊರಗಿನಿಂದ ತಜ್ಞರು ಬಂದು, ಅಡುಗೆ ಮಾಡುವ ಹೆಂಗಸರನ್ನು ಕೇಳಬೇಕಿತ್ತು ಎಂದು ದಪ್ಪನೆಯ ವರದಿ ಬರೆದರು, ಫಾರ್ಮಿನಲ್ಲಿ ಹಿಟ್ಟಿನ ಅಂಟಿಗೆ ಹೊಸ ಅಂಕಣ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಆ ಅಂಕಣ ತುಂಬಿದವನೂ ನಾನೇ, ಸಂಬಳ ತಗೊಂಡು.

ಮುಂದೆ ಒಮ್ಮೆ ಹೈದರಾಬಾದಿನದೇ ಮಣಿಕೊಂಡದಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಲಿಂಗಸುಗೂರಿನವರು ಸಿಕ್ಕರು. ದೊಡ್ಡವ್ವ ಅವರ ಜೊತೆ ಎರಡು ವರ್ಷ ಮರಳು ಹೊತ್ತಳಂತೆ. ಊರಿಗೆ ಹೋಗಿ ತೀರಿಕೊಂಡಳಂತೆ. ತವರಿನ ಜೋಳ ಒಮ್ಮೆ ಕೈಗೆ ಬಂದಿತ್ತು ಎಂದು ಕೊನೆಯವರೆಗೂ ಹೇಳುತ್ತಿದ್ದಳಂತೆ... ನನ್ನ ವಿಷಯ ಏನಾದರೂ ಹೇಳಿದ್ದಳೇ ಎಂದು ಕೇಳುವ ಧೈರ್ಯ ಬರಲಿಲ್ಲ.

ಹೈದರಾಬಾದಿನ ನಾಚಾರಂನ ನಮ್ಮ ಮನೆಯಲ್ಲಿ ಆ ಕ್ಯಾಲೆಂಡರನ್ನು ನನ್ನ ಹೆಂಡತಿ ಅಡುಗೆಮನೆಗೆ ಹಾಕಿದಳು. ನಾನು ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು. ನಿನ್ನೆ ಫೆಬ್ರವರಿ ಹಾಳೆ ಬಂತು. ಅವಳು ರೊಟ್ಟಿ ಬಡಿಯುವುದು ಬಿಟ್ಟು, ಹಿಟ್ಟಿನ ಕೈಯಲ್ಲೇ ಹತ್ತಿರ ಹೋಗಿ ನೋಡಿದಳು.

"ಉಡಿ ಎಷ್ಟು ಚಂದ ಹಿಡದಾಳ ನೋಡ್ರಿ. ನಮ್ಮ ಕಡೆಯಾಕಿನಽ ಇರಬೇಕು. ನೀವು ಅಲ್ಲೇ ಇದ್ರಲ್ಲ, ಯಾರು ಗೊತ್ತೇನ್ರಿ ಈಕಿ?"

ಗೊತ್ತಿಲ್ಲ ಎಂದೆ.